ನಾಲ್ಕನೆಯ ಹಾಳೆ

ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ಪಾದವನ್ನೇ ನೋಡುವ ಒಂದು ವಿಲಕ್ಷಣ ಅಭ್ಯಾಸ ನನಗಿದೆ. ಹಿರಿಯರ ಪಾದ ನೋಡಿಯೇ ಮಾತಾಡಬೇಕೆಂದು ಕಲಿಸಿದ ವೈಷ್ಣವ ಮನೆತನದಲ್ಲಿ ಹುಟ್ಟಿದವಳಾದ್ದರಿಂದ ಇದು ಸಂಸ್ಕಾರವಿರಬೇಕೆಂದು ನೀವು ಊಹಿಸಬಹುದು. ಅಷ್ಟು ದೊಡ್ಡ ಕಾರಣವೇನೂ ಇಲ್ಲ. ಲಗ್ನಪತ್ರಿಕೆ ಬಂದರೆ ವಧೂವರರಿಗಿಂತ ಮೊದಲು ಅಂಚಿನಲ್ಲಿರುವ ಪ್ರೆಸ್ಸಿನ ಹೆಸರನ್ನು ಓದುತ್ತೇನೆ. ಬ್ಯಾಂಕಿನವರು ಕಳಿಸುವ ಪತ್ರದಲ್ಲಿ ಕಟ್ಟಕಡೆಯ ಇರುವೆಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ಆಮೇಲೆ ಮೇಲಕ್ಕೇರುತ್ತೇನೆ. ಈಗ ನಾನಿರುವುದು ಸೇಡಂನಲ್ಲಿ, ನನ್ನ ತಮ್ಮನ ಮನೆಯಲ್ಲಿ. ಅವನ ಸೊಸೆ ಪದ್ಮಜಾ ಇದನ್ನು ಕಂಡು, "ಅತ್ತಿ, ನೀವು ಪೇಪರ್ ಓದ್ಲಿಕತ್ತೀರೋ, ಸೀರಿ ಸೆರಗು ನೋಡ್ಲಿಕತ್ತೀರೋ?" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ನಗದಿದ್ದರೆ ಕಾರಣ ಹೇಳಬೇಕಾಗುತ್ತದೆ, ಆ ಕಾರಣ ಊಟದ ಹೊತ್ತಿನಲ್ಲಿ ಹೇಳುವಂಥದಲ್ಲ.

ನಿಮಗೆ ಹೇಳಬಹುದು. ನೀವು ಊಟ ಮಾಡುತ್ತ ಓದುತ್ತಿಲ್ಲವೆಂದು ನಂಬಿದ್ದೇನೆ.

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಪಾಸು ಸಿಗುತ್ತಿತ್ತು, ಹೀಗಾಗಿ ಮಗಳಿಗೆ ಇಂಗ್ಲಿಷೂ ಸಿಕ್ಕಿತು. ಬಿಳಿ ಉಡುಪಿನ ಸಿಸ್ಟರುಗಳು ನನಗೆ ನ್ಯಾಪ್ಕಿನ್ ಮಡಚುವುದು, ಮಾರ್ಜಿನ್ ಬಿಡುವುದು, ಕೆಟ್ಟ ಸುದ್ದಿಯನ್ನು ಮೆಲ್ಲನೆ ಹೇಳುವುದು, ಸಾಧ್ಯವಾದರೆ ಹೇಳದಿರುವುದು, ಇವನ್ನೆಲ್ಲ ಕಲಿಸಿದರು. ಅವುಗಳಲ್ಲಿ ಕೊನೆಯದನ್ನು ನಾನು ಮಿಕ್ಕ ಎಲ್ಲಕ್ಕಿಂತ ಚೆನ್ನಾಗಿ ಕಲಿತೆ. ಲೇಡಿ ಎನ್ನಿಸಿಕೊಳ್ಳುವವಳು ಎದುರಿನವರನ್ನು ಎಂಬರಾಸ್ ಮಾಡಬಾರದು ಎಂಬುದು ಅಲ್ಲಿಯ ಅಘೋಷಿತ ಹನ್ನೊಂದನೆಯ ಆಜ್ಞೆಯಾಗಿತ್ತು. ಈ ಸಕಲ ಸದ್ಗುಣಗಳ ಗಂಟು ಹೊತ್ತುಕೊಂಡು ನಾನು ಶಹಾಬಾದಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ವಾಡಿಯಿಂದ ಬೆಳಗಿನ ಪ್ಯಾಸೆಂಜರಿಗೆ ಹೋಗುವುದು, ಸಂಜೆಯದಕ್ಕೆ ಬರುವುದು. ಕಿಟಕಿಯ ಆಚೆ ಕಲ್ಲಿನ ಗಣಿ, ಈಚೆ ಕೈಯಲ್ಲಿ ಕಾಂಪೊಸಿಷನ್ ನೋಟುಬುಕ್ಕು. ಎರಡರ ಮೇಲೂ ಒಂದೇ ಬಣ್ಣದ ಧೂಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ನಿವೃತ್ತಿ ಕಣ್ಣಳತೆಯ ದೂರದಲ್ಲಿತ್ತು. ಆಗ ನಮ್ಮನ್ನು, ಅಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಕಡೆಯ ಒಂದಿಷ್ಟು ಮಾಸ್ತರು-ಬಾಯಿಗಳನ್ನು (ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ), ಕಲಬುರ್ಗಿಗೆ ಕರೆಸಿ ಐದು ದಿನದ ತರಬೇತಿ ಕೊಟ್ಟರು. ಇನ್ನು ಮೇಲೆ ಪಾಠ ಹೇಳುವುದು ಹಳೆಯ ಮಾತು. ಮಕ್ಕಳೇ ಇಂಟರ್ನೆಟ್ಟಿನಲ್ಲಿ ಅನ್ವೇಷಣೆ ಮಾಡುವಂಥ ಪ್ರಾಜೆಕ್ಟುಗಳನ್ನು ನಾವು ವಿನ್ಯಾಸಗೊಳಿಸಬೇಕು. ಮೊದಲು ಮನಸ್ಸನ್ನು ಕೆಣಕುವ ಒಂದು ಪ್ರಶ್ನೆ. ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ರೋಲು, ಒಬ್ಬ ವಿಜ್ಞಾನಿ, ಒಬ್ಬ ವ್ಯಾಪಾರಿ, ಹೀಗೆ. ಓದಬೇಕಾದ ವೆಬ್ ಪುಟಗಳನ್ನು ಟೀಚರೇ ಮೊದಲು ಹುಡುಕಿ ಕೊಡಬೇಕು. ಕೊನೆಗೆ ರೂಬ್ರಿಕ್ ಎಂಬ ಒಂದು ಕೋಷ್ಟಕ, ಅದರಲ್ಲಿ ಒಂದರಿಂದ ನಾಲ್ಕರವರೆಗೆ ಅಂಕ. ನಮೂನೆಯಾಗಿ ತೋರಿಸಿದ ಪ್ರಾಜೆಕ್ಟು ಪೆಂಗ್ವಿನ್ ಪಕ್ಷಿಗಳ ಮೇಲಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸೇಡಂನ ರಾಯರು, ಮೂವತ್ತು ವರ್ಷ ಗಣಿತ ಕಲಿಸಿ ದಣಿದವರು, ಮೆಲ್ಲನೆ ನನ್ನತ್ತ ಬಾಗಿ, "ಬಾಯಾರ, ನಮ್ಮ ಸಾಲ್ಯಾಗ ಕಂಪ್ಯೂಟರ್ ಅದ, ಕುಂಕುಮ ಹಚ್ಚಿ ಬಟ್ಟಿ ಮುಚ್ಚೇವಿ. ದಸರಾಕ್ಕೊಮ್ಮಿ ತೆಗೀತೀವಿ. ಪೆಂಗ್ವಿನ್ ಅದರಾಗ ಯಾವಾಗ ಬರ್ಬೇಕು?" ಎಂದರು. ನಾನು ಕರವಸ್ತ್ರ ಬಾಯಿಗೆ ಒತ್ತಿಕೊಂಡೆ.

ಆದರೆ ನಿಜ ಹೇಳುತ್ತೇನೆ, ನನಗೆ ಆ ಹೊಸ ವಿದ್ಯೆಯ ಹುಚ್ಚು ಹಿಡಿಯಿತು. ಮುದುಕಿಯಾಗುವ ಹೊತ್ತಿಗೆ ಬಂದ ಪ್ರೇಮ ಯಾವಾಗಲೂ ಅಪಾಯಕಾರಿ. ಮೂರು ದಶಕ ಒಂದೇ ಡ್ಯಾಫೊಡಿಲ್ ಹೂವನ್ನು, ನಾನೂ ನೋಡಿರದ ಮಕ್ಕಳೂ ನೋಡಿರದ ಹೂವನ್ನು, ವರ್ಣಿಸಿ ವರ್ಣಿಸಿ ಬಾಡಿಸಿದ್ದ ನನಗೆ, ಪ್ರಶ್ನೆಯೊಂದನ್ನು ಮಕ್ಕಳ ಕೈಗೇ ಕೊಡಬಹುದೆಂಬ ವಿಚಾರವೇ ರೋಮಾಂಚನಕಾರಿಯಾಗಿತ್ತು.

ಅಡಚಣೆ ಒಂದೇ. ನಮ್ಮ ಶಾಲೆಯಲ್ಲಿ ಕಂಪ್ಯೂಟರುಗಳಿದ್ದವು, ಟೆಲಿಫೋನಿನ ಲೈನು ಸತ್ತಿತ್ತು. ನಾನೊಂದು ಉಪಾಯ ಹೂಡಿದೆ. ವಾಡಿಯ ಸ್ಟೇಷನ್ ರಸ್ತೆಯಲ್ಲಿ ಇಸ್ಮಾಯಿಲ್ ಭಾಯಿಯ ಸೈಬರ್ ಅಂಗಡಿಯಿತ್ತು. ಸಂಜೆ ರೈಲಿಳಿದು ಅಲ್ಲಿ ಕೂತು, ಬೇಕಾದ ಪುಟಗಳನ್ನು ಹುಡುಕಿ ಪ್ರಿಂಟು ತೆಗೆಸುವುದು. ಇಂಗ್ಲಿಷ್ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಬರೆಯುವುದು. ಮರುದಿನ ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಹಾಳೆಗಳನ್ನು ತೂಗುಹಾಕುವುದು. ಒಂದು ಹಾಳೆಯ ಗೆರೆ ಎಳೆದ ಪದದಿಂದ ಇನ್ನೊಂದು ಹಾಳೆಗೆ ಕೆಂಪು ನೂಲು, ಅದೇ ಲಿಂಕು. ಮಕ್ಕಳು ನೂಲು ಹಿಡಿದುಕೊಂಡು ಹಾಳೆಯಿಂದ ಹಾಳೆಗೆ ನಡೆಯುತ್ತಿದ್ದರು. ಫ್ಯಾನ್ ಹಾಕಿದರೆ ನಮ್ಮ ಇಂಟರ್ನೆಟ್ಟು ಹಾರಾಡುತ್ತಿದ್ದುದರಿಂದ ಎಲ್ಲರೂ ಬೆವರುತ್ತ ಅನ್ವೇಷಣೆ ಮಾಡುತ್ತಿದ್ದೆವು.

ಆ ಪ್ರಿಂಟುಗಳ ಪಾದದಲ್ಲಿ ಯಂತ್ರವೇ ಒಂದು ಸಾಲು ಮುದ್ರಿಸುತ್ತಿತ್ತು: ಎಡಕ್ಕೆ ಆ ಪುಟದ ಉದ್ದನೆಯ ವಿಳಾಸ, ಬಲಕ್ಕೆ ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಎರಡು ಎಂದು ಹಾಳೆಗಳ ಲೆಕ್ಕ. ನಾನು ಮಕ್ಕಳಿಗೆ ಮೊದಲು ಕಲಿಸಿದ್ದೇ ಅದನ್ನು. ಯಾವ ಕಾಗದವನ್ನೂ ತಲೆಯಿಂದ ನಂಬಬೇಡಿ, ಪಾದ ನೋಡಿ. ಎಲ್ಲಿಂದ ಬಂತು, ಪೂರ್ತಿ ಬಂದಿದೆಯೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ನನ್ನ ರೂಬ್ರಿಕ್ಕಿನ ಮೂರನೆಯ ಸಾಲು ಹೀಗಿತ್ತು: ಕೊಟ್ಟದ್ದನ್ನು ಕೊನೆಯವರೆಗೆ ಓದಿದ್ದಾರೆಯೇ? ಪೂರ್ತಿ ಓದಿದವರಿಗೆ ನಾಲ್ಕು.

ಇನ್ನು ಪ್ರಶ್ನೆ. ಶಹಾಬಾದಿನಲ್ಲಿ ಪೆಂಗ್ವಿನ್ನಿನ ಮೇಲೆ ಪ್ರಶ್ನೆ ಕೇಳುವಷ್ಟು ಅರಸಿಕಳು ನಾನಲ್ಲವೆಂಬ ಜಂಬದಿಂದ, ನಾನು ಕಾಲ ಕೆಳಗೇ ನೋಡಿದೆ. ನಮ್ಮ ತರಗತಿಯ ನೆಲ, ಪ್ಲಾಟ್‌ಫಾರ್ಮಿನ ನೆಲ, ದೂರದೂರದ ಪಟ್ಟಣಗಳ ಅಡುಗೆಮನೆಯ ನೆಲ, ಎಲ್ಲವೂ ನಮ್ಮೂರ ಫರಸಿ ಕಲ್ಲು. 'ನಾವು ನಿಂತಿರುವ ಈ ಫರಸಿ ಇಲ್ಲಿಗೆ ಹೇಗೆ ಬಂತು, ಅದಕ್ಕಾಗಿ ಯಾರು ಏನು ಕೊಟ್ಟರು?' ಎಂದು ಬೋರ್ಡಿನ ಮೇಲೆ ಬರೆದೆ. ಎರಡನೆಯ ಅರ್ಧ ವಾಕ್ಯದ ಲಯಕ್ಕೆ ನಾನೇ ಮರುಳಾಗಿದ್ದೆ. ಭೂವಿಜ್ಞಾನಿ, ವ್ಯಾಪಾರಿ, ಕಲ್ಲು ಕೂರಿಸುವ ಗವಂಡಿ, ಡಾಕ್ಟರು, ಹೀಗೆ ನಾಲ್ಕು ರೋಲು. ಡಾಕ್ಟರ ಪಾತ್ರವನ್ನು, ಒಂಬತ್ತನೆಯ ತರಗತಿಯಲ್ಲೇ ಅತ್ಯಂತ ಶ್ರದ್ಧೆಯ ಹುಡುಗಿಯೆಂದು, ಸುಜಾತಾಳಿಗೆ ಕೊಟ್ಟೆ.

ಸುಜಾತಾಳ ಅಪ್ಪ ಅರ್ಜುನಪ್ಪ ಫರಸಿ ನುಣುಪು ಮಾಡುವ ಮಶೀನಿನಲ್ಲಿ ಹದಿನಾರು ವರ್ಷ ದುಡಿದಿದ್ದ. ಆ ವರ್ಷ ಕೆಮ್ಮು ಬಂದು, ಟಿಬಿ ಎಂದು ಹೇಳಿಸಿಕೊಂಡು, ಆರು ತಿಂಗಳ ಗುಳಿಗೆ ನುಂಗುತ್ತ ಮನೆಯಲ್ಲಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆನೇ ಎಂದರೆ, ಎರಡು ಸಂಗತಿಗಳು ನನ್ನ ತಲೆಯೊಳಗೆ ಬೇರೆಬೇರೆ ಕೋಣೆಗಳಲ್ಲಿದ್ದವು; ನಡುವೆ ಕೆಂಪು ನೂಲು ಕಟ್ಟುವುದು ಮರೆತುಹೋಗಿತ್ತು.

ಕಲ್ಲಿನ ಧೂಳು ಎದೆಗೆ ಇಳಿದರೆ ಏನಾಗುತ್ತದೆಂಬ ಪುಟ ನಾಲ್ಕು ಹಾಳೆಯಷ್ಟಿತ್ತು. ಸಂಜೆ ಪ್ರಿಂಟು ತೆಗೆಸಿ, ಮರುದಿನ ರೈಲಿನಲ್ಲಿ ಕೂತು ಪೆನ್ಸಿಲ್ ಹಿಡಿದೆ. ಮೊದಲ ಹಾಳೆಯಲ್ಲಿ ರೋಗದ ಹೆಸರು, ಸಿಲಿಕೋಸಿಸ್. ಎರಡನೆಯದರಲ್ಲಿ ಲಕ್ಷಣಗಳು. ಮೂರನೆಯದರಲ್ಲಿ, ಇದನ್ನು ಬಹಳಷ್ಟು ಸಲ ಟಿಬಿಯೆಂದು ತಪ್ಪು ತಿಳಿಯುತ್ತಾರೆಂಬ ಮಾತು, ಅದೂ ಒಂದು ಚಿಕ್ಕ ಸಾಲು. ಅಲ್ಲಿಗೆ ನನ್ನ ಪೆನ್ಸಿಲ್ ನಿಧಾನವಾಯಿತು. ನಾಲ್ಕನೆಯ ಹಾಳೆಯ ಮೊದಲ ಸಾಲು, ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ ಎಂದಿತ್ತು.

ನಾನು ಆ ಹಾಳೆಯನ್ನು ಅಲ್ಲಿಗೇ ಮಡಚಿ ಹ್ಯಾಂಡ್‌ಬ್ಯಾಗಿನೊಳಗೆ ಇಟ್ಟೆ. ಟಿಬಿಯಿದ್ದರೆ ಟಿಬಿಯೇ ಇರಲಿ, ಹದಿನಾಲ್ಕು ವರ್ಷದ ಮಗುವಿಗೆ ಈ ಸಾಲನ್ನು ಓದಿಸಿ ಯಾರಿಗೆ ಏನಾಗಬೇಕಿದೆ ಎಂದುಕೊಂಡೆ. ಸಿಸ್ಟರುಗಳು ಮೇಲಿನಿಂದ ನೋಡಿ ಮೆಚ್ಚಿರಬೇಕು. ಮೂರನೆಯ ಹಾಳೆಯ ಆ ಚಿಕ್ಕ ಸಾಲಿನ ಕೆಳಗೂ ಕನ್ನಡ ಬರೆಯಲಿಲ್ಲ. ಆ ದಿನ ಹಗ್ಗದ ಮೇಲೆ ಮೂರೇ ಹಾಳೆ ತೂಗಿದವು.

ಸುಜಾತಾ ಬಂದು ಅವುಗಳ ಕೆಳಗೆ ನಿಂತಳು. ಓದುವ ಮೊದಲು, ನಾನು ಕಲಿಸಿದಂತೆ, ಬಗ್ಗಿ ಮೂರರ ಪಾದವನ್ನೂ ನೋಡಿದಳು.

"ಬಾಯಿ, ನಾಕನೇದು ಎಲ್ಲದರಿ?"

"ಇಂಕು ತೀರಿತು, ಬರಲಿಲ್ಲ."

"ಪೂರಾ ಹಾಳಿನೇ ಬರಲಿಲ್ಲೇನ್ರಿ? ನಮ್ಮತ್ತಿ ಮನಿ ವಾಡ್ಯಾಗೇ ಅದ, ನಾ ಬೇಕಾದ್ರ ತರ್ತೀನಿ."

"ಬೇಡ, ಅದರಲ್ಲಿ ಮುಖ್ಯವಾದದ್ದೇನೂ ಇಲ್ಲ," ಎಂದೆ. ಎಷ್ಟು ಸುಲಲಿತವಾಗಿ ಎಂದೆನೆಂದರೆ ನನಗೇ ನಂಬಿಕೆ ಬಂತು. ಹುಡುಗಿ ತಲೆಯಾಡಿಸಿ, ಆದರೂ ಹಾಳೆಯ ಪಾದದ ಆ ಉದ್ದನೆಯ ವಿಳಾಸವನ್ನು ನೋಟುಬುಕ್ಕಿನ ಹಿಂಬದಿಗೆ ಒಂದೊಂದೇ ಅಕ್ಷರವಾಗಿ ಇಳಿಸಿಕೊಂಡಳು. ಎಲ್ಲಿಂದ ಬಂತೆಂದು ಬರೆದುಕೊಳ್ಳುವವರಿಗೆ ರೂಬ್ರಿಕ್ಕಿನಲ್ಲಿ ಬೇರೆ ಅಂಕವಿತ್ತು.

ಜುಲೈಯಲ್ಲಿ ಪ್ರದರ್ಶನ ನಡೆಯಿತು. ಪಾಲಕರು ಬಂದರು. ಅರ್ಜುನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದ. ಮಗಳು, ಸೈನ್ಸ್ ಲ್ಯಾಬಿನ ತನಗಿಂತ ಉದ್ದದ ಕೋಟು ಹಾಕಿಕೊಂಡು, ಕೆಮ್ಮು, ದಮ್ಮು, ತೂಕ ಇಳಿಯುವುದು ಎಂದು ಒಂದೊಂದಾಗಿ ಹೇಳುತ್ತಿದ್ದರೆ ಆತ ಬೆರಳು ಮಡಚಿ ಎಣಿಸುತ್ತಿದ್ದ. ನಂತರ ನಗುತ್ತ, "ಡಾಕ್ಟರ್ ಬಾಯಾರ, ಎಲ್ಲಾ ನಂದೇ ಹೇಳ್ಲಿಕತ್ತೀರಲ್ಲ. ಗುಳಿಗಿ ಯಾವಾಗ ಕೊಡ್ತೀರಿ?" ಎಂದ. ಎಲ್ಲರೂ ನಕ್ಕರು. ಸುಜಾತಾ ನಗಲಿಲ್ಲ. "ಔಷಧದ ಹಾಳಿ ಬಂದಿಲ್ಲಪ್ಪ," ಎಂದಳು, ಮತ್ತು ನನ್ನ ಕಡೆ ನೋಡಿದಳು.

ನಾನು ಆಕೆಗೆ ಎಲ್ಲ ಸಾಲುಗಳಲ್ಲೂ ನಾಲ್ಕು ಹಾಕಿದೆ. ಕೋಷ್ಟಕವನ್ನು ನೋಡಿ ಆಕೆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಮೂರೇ ಹಾಕ್ರಿ ಬಾಯಿ. ಕೊನೀತನಕ ಓದಿಲ್ಲ ನಾ." ನಾನು ಹೊಡೆದುಹಾಕಿ ಮೂರು ಬರೆದೆ. ನನ್ನ ವೃತ್ತಿಜೀವನದಲ್ಲಿ ವಿದ್ಯಾರ್ಥಿಯೊಬ್ಬಳು ಅಂಕ ಕಡಿಮೆ ಮಾಡಿಸಿಕೊಂಡದ್ದು ಅದೊಂದೇ ಸಲ. ಸ್ಟಾಫ್ ರೂಮಿನಲ್ಲಿ ಇದನ್ನು ತಮಾಷೆಯ ಪ್ರಸಂಗವಾಗಿ ಹೇಳಿಯೂ ಬಿಟ್ಟೆ.

ಪ್ರದರ್ಶನದ ಮರುವಾರ ಸೋಮವಾರದಿಂದ, ಗುಳಿಗೆಗಳ ಕೋರ್ಸು ಮುಗಿದದ್ದರಿಂದ, ಅರ್ಜುನಪ್ಪ ಮಶೀನಿಗೆ ಮರಳಿದ. ಸ್ಟೇಷನ್ನಿನಿಂದ ಶಾಲೆಗೆ ಹೋಗುವ ದಾರಿಯಲ್ಲೇ ಆ ಮಶೀನಿನ ಶೆಡ್ಡು. ತಲೆಗೆ ಟವೆಲು ಸುತ್ತಿಕೊಂಡು, ಹುಬ್ಬು ರೆಪ್ಪೆಯೆಲ್ಲ ಬೂದು ಬಣ್ಣವಾಗಿ, ಆತ ಕೈಯೆತ್ತಿ ನಮಸ್ಕರಿಸುತ್ತಿದ್ದ. ನಾನು ಛತ್ರಿಯನ್ನು ಆ ಬದಿಗೆ ವಾಲಿಸಿಕೊಂಡು, ಮಳೆ ಇಲ್ಲದ ದಿನವೂ, ಮುಂದೆ ಸಾಗುತ್ತಿದ್ದೆ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಆ ಹಾಳೆ ಹಾಗೆಯೇ ಇತ್ತು. ತೆಗೆದು ಓದಲಿಲ್ಲ, ಹರಿದು ಎಸೆಯಲೂ ಇಲ್ಲ. ಕರುಣೆ ಎಂದು ನಾನು ಕರೆದುಕೊಂಡಿದ್ದ ವಸ್ತು, ಒಳಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ತಾಕುತ್ತಿತ್ತು.

ದೀಪಾವಳಿ ಸೂಟಿಗೆ ಸುಜಾತಾ ವಾಡಿಯ ಅತ್ತೆಯ ಮನೆಗೆ ಬಂದಳು. ಮುಂದಿನದನ್ನು ನಾನು ತಿಳಿದದ್ದು ಇಸ್ಮಾಯಿಲ್ ಭಾಯಿಯಿಂದ. "ಮೇಡಂ, ನಿಮ್ಮ ಸ್ಕೂಲಿನ ಲಡಕಿ ಬಂದಿದ್ಳು," ಎಂದ ಆತ. "ನೋಟ್‌ಬುಕ್ ನೋಡಿ ನೋಡಿ ಒಂದ್ ಬೆರಳಲ್ಲೇ ಟೈಪ್ ಮಾಡಿದ್ಳು, ಒಂದ್ ಅಕ್ಷರ ತಪ್ಪು, ಬಂದಿಲ್ಲ. ಫಿರ್ ಸೇ ಸುರು. ನಾನು ಹೇಳ್ದೆ, ಬೇಟಿ ಇದು ಬಿಡು, ಗೇಮ್ ಆಡು. ಕೇಳಲಿಲ್ಲ ನೋಡ್ರಿ. ಪೇಜ್ ಬಂತು. ಇಂಗ್ಲಿಷ್ ತಿಳೀಲಿಲ್ಲ ಅಂತ ಬಾಜೂ ಕುಂತಿದ್ದ ರೈಲ್ವೆ ಬಾಬು ಹತ್ರ ಅರ್ಥ ಕೇಳಿ ಬರ್ಕೊಂಡಳು. ಆಮೇಲೆ ಲೈಟ್ ಹೋದ್ರೂ ಎದ್ದಿಲ್ಲ."

ಸೂಟಿ ಮುಗಿದ ಮೊದಲ ದಿನ, ಪ್ರಾರ್ಥನೆಯ ಗಂಟೆಗೂ ಮುಂಚೆ, ಆಕೆ ಸ್ಟಾಫ್ ರೂಮಿಗೆ ಬಂದು ನೋಟುಬುಕ್ಕನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟಳು. ದುಂಡನೆಯ ಅಕ್ಷರದಲ್ಲಿ ಎರಡು ವಾಕ್ಯ. ಒಂದು, ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಎರಡು, ಆದ್ದರಿಂದ ರೋಗಿಯನ್ನು ತಕ್ಷಣ ಧೂಳಿನಿಂದ ದೂರ ಮಾಡಬೇಕು; ಧೂಳಿನಲ್ಲಿ ಕಳೆಯುವ ಪ್ರತಿಯೊಂದು ತಿಂಗಳೂ ಆಯುಷ್ಯವನ್ನು ಕಡಿಮೆ ಮಾಡಬಹುದು.

"ಬಾಯಿ, ಇಂಕು ತೀರಿತ್ತೇನ್ರಿ?"

"ಇಲ್ಲ. ನನ್ನ ಹತ್ತಿರವೇ ಇತ್ತು."

"ಎರಡನೇ ಸಾಲು ಓದಿದ್ರೇನು?"

"ಇಲ್ಲ," ಎಂದೆ. ಅದು ನಿಜವಾಗಿತ್ತು, ಮತ್ತು ಸುಳ್ಳಿಗಿಂತ ಹೀನವಾಗಿತ್ತು. ಓದಿ ಮುಚ್ಚಿಟ್ಟಿದ್ದರೆ ಅದಕ್ಕೊಂದು ಪಾಪದ ಘನತೆಯಾದರೂ ಇರುತ್ತಿತ್ತು.

ಆಕೆ ನೋಟುಬುಕ್ಕನ್ನು ಮುಚ್ಚಿಕೊಂಡಳು. ಅಳಲಿಲ್ಲ, ದನಿ ಏರಿಸಲಿಲ್ಲ. "ಅಪ್ಪಗ ನಿನ್ನಿನೇ ಹೇಳೀನ್ರಿ. ಇವತ್ತಿಂದ ಮಶೀನಿಗಿ ಹೋಗಂಗಿಲ್ಲ. ನಾಕು ತಿಂಗಳು ಹೋಗ್ಯಾರ," ಎಂದು ಹೇಳಿ ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲಲು ಹೋದಳು.

ಕಲಬುರ್ಗಿಯ ಡಾಕ್ಟರರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಆ ಹುಡುಗಿ ಬರೆದುಕೊಂಡದ್ದನ್ನೇ ಹೇಳಿದರು. ಜೊತೆಗೆ ಹೋಗಿದ್ದ ನಾನು, ನಾಲ್ಕು ತಿಂಗಳ ಹಿಂದೆಯೇ ಬಂದಿದ್ದರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ, ಅಪ್ಪ ಮಗಳಿಗೆ ತಿಳಿಯದಿರಲೆಂದು. ಆಗಲೂ ಚಟ ಬಿಟ್ಟಿರಲಿಲ್ಲ ನೋಡಿ. ಅದನ್ನು ಯಾರೂ ಹೇಳಲಾರರು ಎಂದರು ಡಾಕ್ಟರು. ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಕಲಿಸಿದವಳು ನಾನೇ.

ಅರ್ಜುನಪ್ಪ ಎರಡನೆಯ ಬೇಸಿಗೆಯನ್ನು ದಾಟಲಿಲ್ಲ. ಅದಕ್ಕೆ ಮುಂಚೆ ಹಲವು ಸಲ ಅವರ ಮನೆಗೆ ಹೋಗಿದ್ದೆ. ಒಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡು ಹಾಳೆಯ ಸಂಗತಿಯನ್ನು ನಾನಾಗಿಯೇ ಎತ್ತಿದೆ. ಆತ ಗೋಡೆಗೆ ಒರಗಿ, ಉಸಿರು ಸೇರಿಸಿಕೊಳ್ಳುತ್ತ, "ಮಗಳು ಹೇಳ್ಯಾಳ್ರಿ," ಎಂದ. "ನೀವು ನನ್ನ ಮಗಳು ಅಳಬಾರದಂತ ಮಾಡಿದ್ರಿ, ಖರೆ. ಆದ್ರ ಬಾಯಾರ, ಕಲ್ಲಿನಾಗ ದುಡ್ಯಾವ ನಾ. ಕಲ್ಲು ಎಲ್ಲಿ ಸೀಳ್ಯದ ಅಂತ ಮೊದಲೇ ಹೇಳಿದ್ರ ಅದರ ಮ್ಯಾಲೆ ಕಾಲಿಡಂಗಿಲ್ಲ. ಹೇಳಬೇಕಿತ್ರಿ ನೀವು." ಆಮೇಲೆ ಹೆಂಡತಿಗೆ, "ಬಾಯಾರಿಗಿ ಚಹಾ ಮಾಡು, ಸಕ್ಕರಿ ಕಮ್ಮಿ," ಎಂದ. ನಾನು ಆ ಚಹಾ ಕುಡಿದೆ. ಕ್ಷಮಿಸಿದೆನೆಂದು ಆತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಜಾತಾ ನರ್ಸಿಂಗ್ ಮುಗಿಸಿ ಈಗ ಚಿತ್ತಾಪುರದ ಒಂದು ದವಾಖಾನೆಯಲ್ಲಿದ್ದಾಳೆಂದು ಕೇಳಿದ್ದೇನೆ. ನನಗೆ ಪತ್ರ ಬರೆಯುವುದಿಲ್ಲ. ಬರೆಯಬೇಕೆಂಬ ನಿಯಮವೂ ಇಲ್ಲ.

ಆ ಪ್ರಾಜೆಕ್ಟನ್ನು ಮೇಲಿನವರು ಬಹಳ ಮೆಚ್ಚಿದ್ದರು. ವಿನ್ಯಾಸ ಆಕರ್ಷಕವಾಗಿದೆ, ಮಕ್ಕಳ ಬದುಕಿಗೆ ಹತ್ತಿರವಾಗಿದೆ ಎಂದು ಷರಾ ಬರೆದರು. ಹತ್ತಿರವಾಗಿತ್ತು, ನಿಜ. ಪ್ರಶ್ನೆ ಕೇಳಲು ಕಲಿಸುವ ಮಾಸ್ತರರೆಲ್ಲ ಒಂದು ಗುಟ್ಟಿನ ಭರವಸೆಯಿಂದ ಬದುಕುತ್ತೇವೆ, ಮಕ್ಕಳು ನಾವು ಮೆಚ್ಚುವ ಉತ್ತರದವರೆಗೆ ಮಾತ್ರ ನಡೆಯುತ್ತಾರೆಂದು. ನೂಲು ಕಟ್ಟುವವರು ನಾವೇ ಅಲ್ಲವೇ, ಬೇಡವಾದಲ್ಲಿ ಕತ್ತರಿಸಿದರಾಯಿತು ಎಂದು. ಆದರೆ ಮೆದುವಾದ ಕೈಯಿಂದ ಕತ್ತರಿಸಿದರೂ ಅದು ಕತ್ತರಿಯೇ.

ಕಳೆದ ವಾರ ನನ್ನದೇ ಒಂದು ರಿಪೋರ್ಟು ಬಂತು. ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನೋವಿತ್ತೆಂದು ಮನೆಯವರು ಕಲಬುರ್ಗಿಯಲ್ಲಿ ಸ್ಕ್ಯಾನು ಮಾಡಿಸಿದ್ದರು. ಪದ್ಮಜಾ ಲಕೋಟೆಯನ್ನು ನನ್ನ ಮಂಚದ ಮೇಲಿಟ್ಟು, "ಏನಿಲ್ಲತ್ತಿ, ಎಲ್ಲಾ ನಾರ್ಮಲ್ ಅದ," ಎಂದು ಅವಸರದಲ್ಲಿ ಹೊರಟಳು. ನಾನು ಹಾಳೆಗಳನ್ನು ತೆಗೆದು, ಅಭ್ಯಾಸದಂತೆ, ಪಾದ ನೋಡಿದೆ. ಐದರಲ್ಲಿ ಒಂದು, ಐದರಲ್ಲಿ ಎರಡು, ಐದರಲ್ಲಿ ಮೂರು, ಐದರಲ್ಲಿ ನಾಲ್ಕು.

"ಪದ್ಮಜಾ, ಐದನೆಯದು?"

ಆಕೆ ಬಾಗಿಲಲ್ಲೇ ನಿಂತಳು. "ಅವರ ಪ್ರಿಂಟರ್ ಕೆಟ್ಟಿತ್ತಂತ್ರಿ," ಎಂದಳು. ನಾನು ಆ ಮುಖವನ್ನು ಗುರುತು ಹಿಡಿದೆ: ಇಂಕು ತೀರಿತು ಎಂದಿದ್ದ ನನ್ನದೇ ಮುಖ. ಕನ್ನಡಿಯಲ್ಲಿ ನೋಡಿದ್ದಲ್ಲ, ಹಗ್ಗದ ಕೆಳಗೆ ನಿಂತ ಹುಡುಗಿಯೊಬ್ಬಳ ಕಣ್ಣಿನಲ್ಲಿ ನೋಡಿದ್ದು.

"ಕೊಡಮ್ಮಾ," ಎಂದೆ.

ಅಡುಗೆಮನೆಯ ಡಬ್ಬಿಯ ಹಿಂದಿನಿಂದ ಆಕೆ ಅದನ್ನು ತಂದುಕೊಟ್ಟು, ಕೈ ಬಿಡಲಾರದೆ ಒಂದು ತುದಿ ಹಿಡಿದುಕೊಂಡೇ ನಿಂತಳು. ಪಾದವನ್ನು ನೋಡಿದೆ: ಐದರಲ್ಲಿ ಐದು. ಮೇಲಕ್ಕೆ ಬಂದೆ. ಮೊದಲ ಸಾಲು ನಾನು ಅಂದುಕೊಂಡಂತೆಯೇ ಇತ್ತು. ಹಾಳೆಯನ್ನು ಮಡಚಿಬಿಡಬೇಕೆಂದು ಕೈ ತಾನಾಗಿಯೇ ಮುಂದಾಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡೆ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟೆ.